ಎಳ್ಳಮಾವಾಸ್ಯೆಗೆ ಬಂದ ವೆರಿಫಿಕೇಶನ್

ಇಡೀ ಓಣಿಗೆ ಕೀಲಿ ಬಿದ್ದದ್ದನ್ನು ಎಂದಾದರೂ ನೋಡಿದ್ದೀರಾ?

ನೋಡಬೇಕೆಂದರೆ ಎಳ್ಳಮಾವಾಸ್ಯೆಯ ದಿನ ರೋಣಕ್ಕೆ ಬನ್ನಿ. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲ ಸೇರಿರುತ್ತಾರೆ. ಮನೆಯ ಅಡುಗೆಯನ್ನು ಮೊದಲು ಬೆಳೆದು ನಿಂತ ಪೈರಿಗೆ ಚೆಲ್ಲಿ, ಆಮೇಲೆ ತಾವು ಉಣ್ಣುವ ಹಬ್ಬ ಅದು. ಚೆಲ್ಲುವ ಅಡುಗೆಗೆ ನಾವು ಚರಗ ಅನ್ನುತ್ತೇವೆ. ಈ ಸಲ ನಮ್ಮ ಓಣಿಯಲ್ಲಿ ಉಳಿದಿದ್ದವನು ನಾನೊಬ್ಬನೇ. (ಆ ವಾರದ ಅಂಕಣದ ಡೆಡ್‌ಲೈನ್. ನಮ್ಮ ಸಂಪಾದಕರಿಗೆ ಹೊಲ ಇಲ್ಲ.)

ಬರೆಯಲು ಕೂತು ಎರಡು ಸಾಲು ಆಗಿರಲಿಲ್ಲ, ಹೊರಗೆ ಬೈಕ್ ನಿಂತ ಸದ್ದು. ಒಬ್ಬ ಪೊಲೀಸ್ ಕಾನ್‌ಸ್ಟೆಬಲ್. ಬಾಗಿಲಿಂದ ಬಾಗಿಲಿಗೆ ಹೋಗಿ, ಬರೀ ಕೀಲಿಗಳನ್ನು ನೋಡಿ, ಕೊನೆಗೆ ನನ್ನ ಬಳಿ ಬಂದರು.

“ಸಾರ್, ಎದುರುಗಡೆ ಮನೇಲಿ ಆಫ್ರಿಕಾದ ಹುಡುಗಿ ಇದಾಳಂತಲ್ಲ? ವೀಸಾ ವೆರಿಫಿಕೇಶನ್‌ಗೆ ಬಂದಿದೀನಿ. ಬಾಗ್ಲು ಲಾಕು. ಫೋನ್ ಸಿಗ್ತಿಲ್ಲ. ಅಕ್ಕಪಕ್ಕದವರನ್ನ ಕೇಳೋಣ ಅಂದ್ರೆ ಬೀದಿಗೆ ಬೀದೀನೇ ಲಾಕು!”

ಅಂಕಣ ಅಲ್ಲಿಗೇ ನಿಂತಿತು.

ಎದುರು ಮನೆ ನನ್ನ ಅಣ್ಣನದು. ಹುಡುಗಿಯ ಹೆಸರು ನೀಮಾ, ಊರು ತಾಂಜಾನಿಯಾ. ಧಾರವಾಡದಲ್ಲಿ ಓದುತ್ತಾಳೆ. ಎರೆಭೂಮಿಯ ಜೋಳದ ಮೇಲೆ ಸಂಶೋಧನೆ ಮಾಡಲು ನಮ್ಮ ಕಡೆ ಬಂದು, ವೈನಿಯ, ಅಂದರೆ ಅತ್ತಿಗೆಯ, ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಸಂಶೋಧನೆ ಮುಗಿಯಲು ಇನ್ನೊಂದು ಬೆಳೆ ಬೇಕು. ಅದಕ್ಕೆ ವೀಸಾ ಮುಂದುವರಿಯಬೇಕು. ವೀಸಾ ಮುಂದುವರಿಯಲು, ಕೊಟ್ಟ ವಿಳಾಸದಲ್ಲಿ ಈಕೆ ಖರೇ ಇದ್ದಾಳೆಂದು ಪೊಲೀಸರು ಬರೆಯಬೇಕು. ‘ಇಲ್ಲ’ ಎಂದು ಬರೆದರೋ, ಅಷ್ಟು ವರ್ಷದ ಓದನ್ನು ಅರ್ಧಕ್ಕೆ ಬಿಟ್ಟು ವಿಮಾನ ಹತ್ತಬೇಕು.

ಇದೆಲ್ಲ ವೈನಿಗೆ ನನಗಿಂತ ಚೆನ್ನಾಗಿ ಗೊತ್ತು. ನೀಮಾ ಬಂದ ಹೊಸತರಲ್ಲಿ, ಪರದೇಶದವರು ಮನೆಗೆ ಬಂದರೆ ಮಾಲೀಕರೇ ಸರ್ಕಾರಕ್ಕೆ ತಿಳಿಸಬೇಕು ಎಂದು ಯಾರೋ ಹೇಳಿದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರ್ ಸೆಂಟರಿಗೆ ಹೋಗಿ ತಿಳಿಸಿ ಬಂದವಳು ಆಕೆ. ಈಗ ಸಂಜೆ ಮನೆಯ ಮುಂದಿನ ಕಟ್ಟೆಯೇ ಸಾಲಿ. ಓಣಿಯ ಹೆಂಗಸರೆಲ್ಲ ಟೀಚರ್. ಬಸ್ಸಿನಲ್ಲಿ ಹೇಗೆ ಕೇಳಬೇಕು, ದವಾಖಾನೆಯಲ್ಲಿ ಏನು ಹೇಳಬೇಕು, ಯಾವ ಆಫೀಸಿಗೆ ಯಾವ ಕಾಗದ ಒಯ್ಯಬೇಕು, ಎಲ್ಲ ಕಲಿಸುತ್ತಾರೆ. ರಜೆ ಬಂದರೆ ಧಾರವಾಡದಿಂದ ನೀಮಾಳ ಗೆಳತಿಯರು, ಘಾನಾದವಳು, ಇಥಿಯೋಪಿಯಾದವಳು, ಅವರೂ ಬಂದು ಕೂರುತ್ತಾರೆ. ವೆರಿಫಿಕೇಶನ್‌ಗೆ ರಿಹರ್ಸಲ್ ಕೂಡ ನಡೆದಿತ್ತು. ಇನ್ಸ್‌ಪೆಕ್ಟರ್ ಪಾತ್ರದಲ್ಲಿ ವೈನಿ. (ಮೇಕಪ್ ಬೇಕಾಗಲಿಲ್ಲ.)

ಹಾಗಿದ್ದರೆ ಇವತ್ತು ಕೀಲಿ ಯಾಕೆ?

ಹಿಂದಿನ ದಿನ ನೀಮಾ ನನ್ನೆದುರೇ ವೈನಿಗೆ ಹೇಳಿದ್ದಳು, “ಅವ್ವಾ, ನಾಳಿ ಪೊಲೀಸ್ರು ಬರ್ತಾರಂತ. ನಾ ಮನ್ಯಾಗ ಇರ್ತೀನಿ.”

“ನಾಳಿ ಯಾರೂ ಬರಂಗಿಲ್ಲ ಬಾ. ಪೊಲೀಸ್ರಿಗೇನು ಹೊಲ ಇಲ್ಲೇನ? ಅಮಾಸಿ ದಿನ ಮನಿ ಮಗಳನ್ನ ಒಬ್ಬಾಕಿನ್ನ ಬಿಟ್ಟು ಹೋಗಾಕ ನನಗೇನ ಹುಚ್ಚು ಹಿಡದೈತೇನು?”

ವೈನಿಯ ಪ್ರಕಾರ ಆ ದಿನ ಜಗತ್ತೇ ಹೊಲದಲ್ಲಿರುತ್ತದೆ. ಆದರೆ ಬಂದವರು ಕೋಲಾರದ ಕಡೆಯವರು! ಆ ಕಡೆ ಈ ಹಬ್ಬವೇ ಇಲ್ಲ.

“ಅದು ನಮ್ಮ ಅಣ್ಣನ ಮನೆ. ನಾನೇ ಸಾಕ್ಷಿ, ಬರೆದುಕೊಳ್ಳಿ” ಎಂದೆ.

“ನೀವು ಸಂಬಂಧಿಕ್ರು ಸಾರ್. ನೆರೆಯವರು ಬೇಕು. ಹುಡುಗೀನ ನಾನು ನೋಡ್ಬೇಕು. ಸಾಯಂಕಾಲ ರಿಪೋರ್ಟ್ ಕಳಿಸ್ಬೇಕು, ಕಂಡಿದ್ದನ್ನ ಬರೀತೀನಿ.”

ಅವರದೇನು ತಪ್ಪು? ಕಂಡದ್ದು ಕೀಲಿ. ‘ನೆರೆಯವರೆಲ್ಲ ಒಂದೇ ಕಡೆ ಇದ್ದಾರೆ, ನಡೀರಿ’ ಎಂದು ಅವರ ಬೈಕಿನ ಹಿಂದೆ ನಾನೇ ಹತ್ತಿದೆ. ಅಬ್ಬಿಗೇರಿ ರಸ್ತೆಯುದ್ದಕ್ಕೂ ವೀಸಾ, ಆಫ್ರಿಕಾ, ಮಾನವೀಯತೆ ಎಂದು ಭಾಷಣ ಬಿಗಿದೆ. ಅವರು “ಹೂಂ ಸಾರ್” ಅನ್ನುತ್ತಾ ಗುಂಡಿ ತಪ್ಪಿಸುತ್ತಿದ್ದರು.

ಹೊಲದ ಬದುವಿಗೆ ಬಂದಾಗ ಮೊದಲು ಕೇಳಿಸಿದ್ದು ನೀಮಾಳ ದನಿ. ಇಳಕಲ್ ಸೀರೆ ಉಟ್ಟು, ಬುಟ್ಟಿ ಹಿಡಿದು, ತೆನೆಗಟ್ಟಿದ ಜೋಳದ ನಡುವೆ ಚರಗ ಚೆಲ್ಲುತ್ತಾ “ಹುಲಿಗ್ಯೋ… ಹುಲಿಗ್ಯೋ…” ಎಂಬ ಚರಗದ ಕೂಗನ್ನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಕಾನ್‌ಸ್ಟೆಬಲ್ ಅಲ್ಲೇ ನಿಂತುಬಿಟ್ಟರು.

ವಿಷಯ ಕೇಳಿ ವೈನಿಯ ಮುಖ ಇಳಿಯಿತು. ತನ್ನಿಂದಲೇ ಹುಡುಗಿಯ ಕೆಲಸ ಕೆಟ್ಟಿತೇ? ಆದರೆ ಅದು ಒಂದೇ ಕ್ಷಣ.

“ಕೈಕಾಲು ತೊಳಕೊಂಡು ಕುಂದರ್ರಿ. ಉಣ್ಣದ ಒಂದಕ್ಷರ ಬರೀಬ್ಯಾಡ್ರಿ. ಹೆಸರೇನ್ರಿ ನಿಮ್ಮದು?”

“ಮಂಜುನಾಥ ಅಂತ.”

ಅಷ್ಟು ದೂರ ಅವರ ಬೆನ್ನಿಗೇ ಅಂಟಿಕೊಂಡು ಬಂದಿದ್ದೆ. ಹೆಸರು ಕೇಳುವುದು ನನಗೆ ಹೊಳೆದಿರಲೇ ಇಲ್ಲ.

ನೀಮಾ ಬುಟ್ಟಿ ಇಟ್ಟು ಬಂದು ನಿಂತಳು.

“ಯಾರ ಮನೇಲಿ ಇದೀಯಮ್ಮಾ?”

“ಅವ್ವಾರ ಮನ್ಯಾಗ್ರಿ. ಮ್ಯಾಗಿನ ಖೋಲ್ಯಾಗ.”

ಮಂಜುನಾಥ ನನ್ನ ಮುಖ ನೋಡಿದರು. “ಖೋಲಿ ಅಂದ್ರೆ ಸಾರ್?”

“ರೂಮ್ ರೀ” ಎಂದಳು ನೀಮಾ.

ಅಲ್ಲಿಗೆ ಓಣಿಯ ಕಟ್ಟೆ ಒಡೆಯಿತು. ಬನ್ನಿ ಗಿಡದ ಕೆಳಗೆ ಕೂತಿದ್ದ ಹೆಂಗಸರೆಲ್ಲ ಒಮ್ಮೆಲೇ ಸಾಕ್ಷಿ ಹೇಳತೊಡಗಿದರು. “ನಮ್ಮ ಮನ್ಯಾಗ ರೊಟ್ಟಿ ಬಡಿಯಾಕ ಕಲತಾಳ್ರಿ ಅಕಿ!” “ನನಗ ಜ್ವರ ಬಂದಾಗ ದವಾಖಾನಿಗೆ ಕರಕೊಂಡು ಹೋದಾಕಿ ಅಕೀನ, ಬರಕೋರಿ!” ಬೇಕಿದ್ದದ್ದು ಇಬ್ಬರ ಮಾತು. ಸಿಕ್ಕದ್ದು ಸಂತೆ.

ಕೊನೆಗೆ ವೈನಿ ಹೇಳಿದಳು, “ಈ ಜ್ವಾಳ ಮೊದಲ ಇವರ ಆಫ್ರಿಕಾದಿಂದ ಬಂದದ್ದಂತ್ರಿ. ಇಕೀನ ಹೇಳ್ಯಾಳ. ಅದಕ್ಕ ಯಾರರ ವೀಸಾ ಕೇಳಿದ್ರೇನು?”

ಮಂಜುನಾಥ ಜೋರಾಗಿ ನಕ್ಕರು. ನಕ್ಕೇ ಬರೆದುಕೊಂಡರು. ನೀಮಾಳ ಕಣ್ಣಲ್ಲಿ ನೀರು. ವೈನಿಯದನ್ನು ನಾನು ನೋಡಲಿಲ್ಲ, ಆಕೆ ಬುತ್ತಿ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿದ್ದಳು.

ಊಟಕ್ಕೆ ಕೂತಾಗ ಮಂಜುನಾಥರಿಗೆ ಎಲ್ಲವೂ ಹೊಸದು. ಕಟಕಟಿ ಸಜ್ಜೆರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಬಡಿಸಿದವಳು ನೀಮಾ. ಉಣ್ಣಲು ಕಲಿಸಿದವಳೂ ನೀಮಾ. “ಹಿಂಡಿಗೆ ಎಣ್ಣಿ ಹಾಕ್ಕೊರಿ. ಇಲ್ಲಾಂದ್ರ ಗಂಟಲಕ್ಕ ಹತ್ತತೈತಿ.”

ಯಾರು ಯಾರನ್ನು ವೆರಿಫೈ ಮಾಡುತ್ತಿದ್ದಾರೆ ಎಂದು ನನಗೆ ನಗು ಬಂತು. ಜೊತೆಗೇ ಹೆಮ್ಮೆಯೂ ಆಯಿತು, ಮುಚ್ಚಿಡುವುದೇಕೆ? ನಮ್ಮ ಓಣಿಯ ಹೆಂಗಸರಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಗದಗ ದಾಟಿದವರೇ ಕಡಿಮೆ. ಒಂದು ದೂರದೇಶದ ಹುಡುಗಿ ಇಲ್ಲಿ ತಲೆಯೆತ್ತಿ ಓಡಾಡಲು ಏನೇನು ಬೇಕೋ ಅದನ್ನೆಲ್ಲ ಇವರು ಕಟ್ಟೆಯ ಮೇಲೆ ಕೂತು, ಮೆಂತ್ಯೆ ಸೋಸುತ್ತಾ ಕಲಿಸಿದ್ದಾರೆ.

ಕೈ ತೊಳೆಯುವಾಗ ಮಂಜುನಾಥ ಮೆಲ್ಲಗೆ ಅಂದರು, “ಎರಡು ವರ್ಷ ಆಯ್ತು ಸಾರ್ ರೋಣಕ್ಕೆ ಬಂದು. ಹಬ್ಬದ ದಿನ ಹೋಟ್ಲು ಮುಚ್ಚಿರುತ್ತೆ. ಬಿಸ್ಕತ್ತು ತಿಂದು ಡ್ಯೂಟಿ ಮಾಡ್ತೀನಿ. ಎಲ್ಲಾರೂ ಹಿಂಗೆ ಹೊಲಕ್ಕೆ ಬರ್ತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ವೈನಿಗೆ ಕೇಳಿಸಿತು. “ಸಂಜಿಗೆ ಕಟ್ಟೀಗೆ ಬರ್ರಿ ತಮ್ಮಾ. ನೀಮಾ ನಿಮಗೂ ಕಲಸ್ತಾಳ.”

ನೀಮಾಳ ವೀಸಾ ಕಳೆದ ವಾರ ಮುಂದುವರಿದಿದೆ. ಓಣಿಗೆಲ್ಲ ಗೋದಿ ಹುಗ್ಗಿ. ಮಂಜುನಾಥರೂ ಬಂದಿದ್ದರು. ಅವರ ಮನೆ ಎಲ್ಲಿ ಎಂದು ಆಗ ಗೊತ್ತಾಯಿತು. ನಮ್ಮ ಹಿಂದಿನ ಓಣಿಯಲ್ಲೇ, ಹಿತ್ತಲಲ್ಲಿ ನಿಂತರೆ ಕಾಣುವಷ್ಟು ಹತ್ತಿರ.

ನಿಮ್ಮ ಹಿಂದಿನ ಓಣಿಯಲ್ಲಿ ಬಾಡಿಗೆಗಿದ್ದಾರಲ್ಲ, ಅವರ ಹೆಸರೇನು?