ಗಡಿಯಾದ ಗಾಡಿ

ಖಾನಾಪುರದಿಂದ ದಿನಾ ರೈಲು ಹತ್ತಿ ಬೆಳಗಾವಿಯ ಒಂದು ಸೈಬರ್ ಕೆಫೆಗೆ ನಾನು ಕೆಲಸಕ್ಕೆ ಹೋಗುತ್ತಿದ್ದ ಕಾಲ. ಎರಡು ಸಾವಿರದ ಇಸವಿ ಆಗಷ್ಟೇ ಬಂದಿತ್ತು. ಅಜ್ಜನ ತನಕ ಕುರಿ ಕಾಯ್ದ ಮನೆತನ ನಮ್ಮದು. ತಿಂಗಳ ಪಗಾರ ಮೊದಲು ಕಂಡವರು ಅಪ್ಪ. ಕಂಪ್ಯೂಟರಿನ ಮುಂದೆ ಕೂತು ಪಗಾರ ತಂದ ಮೊದಲ ಹೆಣ್ಣು ನಾನು. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಅದನ್ನು ಮುಚ್ಚಿಡುವಷ್ಟು ವಿನಯ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಕೆಫೆಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಒಂದು ಈಮೇಲ್ ಬಳಗಕ್ಕೆ ಬುತ್ತಿ ಕಟ್ಟುತ್ತಿದ್ದೆ. ಪುಣೆ, ಗೋವಾ, ಮಸ್ಕತ್ ಎಂದು ಚೆದುರಿಹೋದ ನಮ್ಮ ಕಡೆಯವರ ಬಳಗ ಅದು. ಇಂಟರ್ನೆಟ್ಟಿನಲ್ಲಿ ಓದಲು ತಕ್ಕ ಪುಟಗಳನ್ನು ಹುಡುಕಿ, ಅವುಗಳ ವಿಳಾಸ ಹಾಕಿ, ಒಂದೊಂದರ ಮೇಲೂ ನಾಲ್ಕು ಮಾತು ಬರೆದು ದಿನಕ್ಕೊಮ್ಮೆ ಎಲ್ಲರಿಗೂ ಕಳಿಸುವುದು ನನ್ನ ಕೆಲಸ. ಬಿಟ್ಟಿ ಕೆಲಸವೇ, ಆದರೆ ‘ಬುತ್ತಿ’ ಎಂದು ಅದಕ್ಕೆ ಹೆಸರಿಟ್ಟವಳು ನಾನು. ಬುತ್ತಿಯಲ್ಲಿ ಒಂದೇ ಪಲ್ಯ ಇದ್ದರೆ ಯಾರಿಗೆ ರುಚಿಸುತ್ತದೆ? ಹಿಮದಡಿ ಸಿಕ್ಕ ಹಳೆಯ ದೋಣಿಯ ಸುದ್ದಿಯ ಪಕ್ಕದಲ್ಲೇ ಯಾರೋ ಪುಣ್ಯಾತ್ಮರು ಏರಿಸಿದ ಹಾರ್ಮೋನಿಯಂ ಧ್ವನಿಮುದ್ರಣ ಇರುತ್ತಿತ್ತು. ದೂರದೇಶದ ವಸ್ತುಸಂಗ್ರಹಾಲಯದ ಪುಟವೊಂದರಲ್ಲಿ, ನೆಲಕ್ಕೆ ಗುಂಡಿ ತೋಡಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಚಿತ್ರ ಸಿಕ್ಕಿದಾಗ, ಇಂಥದ್ದು ಈಗಲೂ ವಡಗಾವಿಯ ಓಣಿಯಲ್ಲಿ ಸದ್ದು ಮಾಡುತ್ತಿದೆ, ಬೇಕಾದವರು ಬಂದು ನೋಡಬಹುದು ಎಂದು ಕೆಳಗೆ ಬರೆದೆ. ಜಗತ್ತಿನ ಯಾವ ನದಿಯ ಸುದ್ದಿ ಬಂದರೂ ಕಣಕುಂಬಿಯ ಕಡೆಯ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯ ಮಾತೊಂದನ್ನು ಸೇರಿಸದೆ ಬಿಡುತ್ತಿರಲಿಲ್ಲ.

ತೊಡಕಿದ್ದದ್ದು ಅಕ್ಷರದಲ್ಲಿ. ಒಂದು ಕಂಪ್ಯೂಟರಿನಲ್ಲಿ ಹೊಡೆದ ಕನ್ನಡ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಬರೀ ಚೌಕಗಳಾಗಿಬಿಡುತ್ತಿತ್ತು. ಹಾಗಾಗಿ ಬಳಗದವರೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತಿದ್ದೆ.

ಆ ವರ್ಷ ನಾಗರಪಂಚಮಿಗೆ ಎರಡು ದಿನ ಇರುವಾಗ ಮಳೆಗೆ ದೇಸೂರಿನ ಆಚೆ ಹಳಿಯ ಮೇಲೆ ದೊಡ್ಡ ಮರವೊಂದು ಬಿತ್ತು. ನಮ್ಮ ರೈಲು ನಿಂತಿತು. ನಾನು ಬಸ್ಸಿನಲ್ಲಿ ಜೋತುಬಿದ್ದು ಬೆಳಗಾವಿ ಸೇರುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು. ಅವಸರದಲ್ಲಿ ಸಿಕ್ಕಷ್ಟು ಪುಟಗಳನ್ನು ಕಟ್ಟಿ, ಕೊನೆಗೆ, ಗಾಡಿ ಬಂದ್, ಅದಕ್ಕೆ ಇವತ್ತಿನ ಬುತ್ತಿ ಸಣ್ಣದು, ನಾಳೆಯೂ ಬಂದ್ ಇರುತ್ತದಂತೆ ಎಂದು ಬರೆದು ಕಳಿಸಿದೆ. ಗಾಡಿ ಎಂಬುದನ್ನು ಎಲ್ಲರೂ ಬರೆಯುವ ಹಾಗೆ ಜಿ, ಎ, ಡಿ, ಐ ಎಂದೇ ಬರೆದಿದ್ದೆ.

ಪುಣೆಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ ಸದಸ್ಯರೊಬ್ಬರು ಅದನ್ನು ‘ಗಡಿ’ ಎಂದು ಓದಿಕೊಂಡರು. ಅವರನ್ನಾದರೂ ಹೇಗೆ ಬಯ್ಯುವುದು? ಬೆಳಗಾವಿಯಲ್ಲಿ ಹುಟ್ಟಿದವರ ಕಿವಿಗೆ ಗಡಿಯಷ್ಟು ಬೇಗ ಬೀಳುವ ಪದ ಬೇರೆ ಇಲ್ಲ. ಗಲಾಟೆಯಾದರೆ ಬಸ್ಸುಗಳು ಗಡಿಯಲ್ಲೇ ನಿಲ್ಲುತ್ತವೆ ಎಂಬುದನ್ನು ನಾವೆಲ್ಲ ಚಿಕ್ಕಂದಿನಿಂದ ಕಂಡವರು. ಅವರ ತಾಯಿಯ ತವರು ಖಾನಾಪುರ. ಪ್ರತಿ ಪಂಚಮಿಗೆ ಆಕೆ ಅಣ್ಣನ ಮನೆಗೆ ಬಂದು, ನಾಗಪ್ಪನಿಗೆ ಹಾಲೆರೆದು, ಉಂಡಿ ತಿಂದು ಹೋಗಬೇಕು. ಮಗ ಗಾಬರಿಯಾಗಿ, ಆಕೆ ಕಟ್ಟಿಟ್ಟಿದ್ದ ಚೀಲ ಬಿಚ್ಚಿಸಿದರು. ಇಲ್ಲಿ ಪಂಚಮಿಯ ಹಿಂದಿನ ದಿನ, ಮನೆಯಲ್ಲಿ ಫೋನಿಲ್ಲದ, ಎಪ್ಪತ್ತು ದಾಟಿದ ಅಣ್ಣ ಖಾನಾಪುರದ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ಕತ್ತಲಾಗುವ ತನಕ ತಂಗಿಯ ದಾರಿ ಕಾದರು. ಮರುದಿನ ತಂಗಿಯಿಲ್ಲದೆ ಹಾಲೆರೆದರು. ಅಷ್ಟು ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲಂತೆ.

ನಿಜ ಗೊತ್ತಾದಾಗ ಪುಣೆಯಿಂದ ಬಂದ ಪತ್ರದಲ್ಲಿ ಬೆಂಕಿಯಿತ್ತು. ಮುಂದಿನ ಪಂಚಮಿಗೆ ಯಾರಿರುತ್ತೇವೋ ಯಾರಿಲ್ಲವೋ ಎಂದು ಅವ್ವ ಊಟ ಬಿಟ್ಟಿದ್ದಾಳೆ ಎಂದು ಬರೆದಿದ್ದರು. ಉಳಿದವರಿಗೆ ಅದು ನಗೆಯಾಟವಾಯಿತು. ಮರಾಠಿ ಮನೆಮಾತಿನ ಗೋವಾದವರೊಬ್ಬರು, ತಮ್ಮ ಭಾಷೆಯಲ್ಲಿ ಗಡಿ ಎಂದರೆ ಆಳು, ಯಾರ ಮನೆಯ ಆಳು ಕೆಲಸ ಬಿಟ್ಟನೋ ಎಂದು ತಾವು ಮರುಗಿದ್ದಾಗಿ ಬರೆದರು. ಬಳಗವನ್ನು ನೋಡಿಕೊಳ್ಳುತ್ತಿದ್ದ ಮಸ್ಕತ್ತಿನ ಹಿರಿಯರು ಮಾತ್ರ ನಗಲಿಲ್ಲ. ನಾಳೆಯಿಂದ ಬುತ್ತಿ ಇಂಗ್ಲಿಷಿನಲ್ಲೇ ಬರಲಿ, ಗೊಂದಲವೇ ಬೇಡ ಎಂದು ಅಪ್ಪಣೆ ಕೊಟ್ಟರು. ಆಗಲಿ, ಅದೇ ಸರಿ ಎಂದು ಒಬ್ಬರ ಹಿಂದೊಬ್ಬರು ತಲೆಯಾಡಿಸಿದರು.

ನನಗೆ ಮೈಯೆಲ್ಲ ಉರಿಯಿತು. ಅಕ್ಷರ ಕೈಕೊಟ್ಟರೆ ಭಾಷೆಯನ್ನು ಮನೆಯಿಂದ ಹೊರಗೆ ಹಾಕುತ್ತಾರೆಯೇ? ತಪ್ಪು ನನ್ನದಲ್ಲ, ಹ್ರಸ್ವ ದೀರ್ಘ ತಿಳಿಯದ ಆ ಇಪ್ಪತ್ತಾರು ಅಕ್ಷರಗಳದ್ದು ಎಂದು ಖಾರವಾಗಿ ಬರೆದೆ. ಇಂಗ್ಲಿಷ್ ಬುತ್ತಿ ಬೇಕಾದರೆ ಬೇರೆ ಯಾರಾದರೂ ಕಟ್ಟಿಕೊಳ್ಳಲಿ ಎಂದೂ ಸೇರಿಸಿದೆ. ಕೆಫೆಯ ಮಾಲೀಕರು ಪಕ್ಕದಲ್ಲಿ ನಿಂತು ಅದನ್ನು ಓದಿದರು. ಅವರು ಊರಿನ ಹಳೆಯ ಜೈನ ವ್ಯಾಪಾರಿ ಮನೆತನದವರು. ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

“ಹಠ ಮಾಡೂದು ಬರೋಬ್ಬರಿ ಐತಿ, ತಂಗಿ,” ಎಂದರು. “ಆದ್ರ ಆ ಅವ್ವಗ ಏನ್ ಹೇಳ್ತಿ?”

ಪುಣೆಯ ಮಗನಿಗೆ ಬೇರೆಯೇ ಪತ್ರ ಬರೆದು, ನಿಮ್ಮ ತಾಯಿಗೆ ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದೆ. ಖಾನಾಪುರದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು, ಬುತ್ತಿಯನ್ನು ನಾನು ದಿನಾ ಮನೆಗೆ ಹೋಗಿ ಬಾಯಲ್ಲಿ ಹೇಳುತ್ತೇನೆ, ಆಕೆ ಕೇಳುತ್ತಾಳೆ ಎಂದು ಅವರು ಬರೆದರು. ಕೆಳಗೆ ಆಕೆಯದೇ ಮಾತೊಂದು ಇತ್ತು: “ನಮ್ಮ ಅಕ್ಷರದಾಗ ಬರೆದಿದ್ರ ನಾನ ಓದತಿದ್ನಲ್ಲಾ, ಇಂವನ್ನ್ಯಾಕ ಕೇಳತಿದ್ದೆ?”

ಆ ಮಾತು ನನ್ನನ್ನು ಕೂರಗೊಡಲಿಲ್ಲ. ನಮ್ಮ ಕೆಫೆಯ ಬಾಜುವಿನಲ್ಲೇ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇತ್ತು. ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಇತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಖಾಲಿ ಇರುತ್ತದೆ ಎಂದು ಮಾಲೀಕರೇ ಹೋಗಿ ಕೇಳಿಕೊಂಡು ಬಂದರು. ನಾನು ಊಟ ಬಿಟ್ಟು ಅಲ್ಲಿ ಕೂತು ಬುತ್ತಿಯನ್ನು ಕನ್ನಡದಲ್ಲಿ ಹೊಡೆದೆ. ಇಡೀ ಪುಟವನ್ನು ಒಂದು ಚಿತ್ರವಾಗಿ ಮಾಡಿ ಫ್ಲಾಪಿಯಲ್ಲಿ ಹಾಕಿಕೊಂಡು ನಮ್ಮ ಕಡೆಗೆ ತಂದೆ. ಚಿತ್ರವಾದ ಮೇಲೆ ಅಕ್ಷರ ಚೌಕವಾಗಲು ಹೇಗೆ ಸಾಧ್ಯ? ಪುಟಗಳ ವಿಳಾಸಗಳನ್ನು ಪತ್ರದಲ್ಲಿ ಬೇರೆಯಾಗಿ ಹಾಕಿ, ಯಾವುದು ಯಾವುದರದು ಎಂದು ತಿಳಿಯಲು ಎರಡೂ ಕಡೆ ಅಂಕಿ ಕೊಟ್ಟೆ. ಎಲ್ಲಕ್ಕಿಂತ ಮೇಲೆ, ಲಗ್ನಪತ್ರಿಕೆಯಲ್ಲಿ ವಧುವರರ ಹೆಸರು ಹಾಕುವ ದಪ್ಪ ಅಕ್ಷರದಲ್ಲಿ, ‘ಗಾಡಿ ಚಾಲೂ ಆತು, ಬುತ್ತಿ ದೊಡ್ಡದೈತಿ’ ಎಂದು ಬರೆದಿದ್ದೆ.

ಆ ಕಾಲದ ಇಂಟರ್ನೆಟ್ಟಿನಲ್ಲಿ ಚಿತ್ರವೆಂದರೆ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯಬೇಕು. ನನ್ನದೇ ಪತ್ರವನ್ನು ತೆರೆದು ನಾನೂ ಮಾಲೀಕರೂ ಕಾದೆವು. ಮೊದಲು ತಲೆಕಟ್ಟುಗಳು ಕಂಡವು, ಆಮೇಲೆ ನಿಧಾನಕ್ಕೆ ಅಕ್ಷರಗಳ ಮೈ ತುಂಬಿತು. ದೂರದ ಊರುಗಳಲ್ಲಿ ನಮ್ಮವರು ಹೀಗೇ ಕಾಯುತ್ತಿದ್ದಾರೆ ಎಂದುಕೊಂಡಾಗ ನನಗೆ ಅಳು ಬಂತು. ಸಂಜೆಯ ಹೊತ್ತಿಗೆ ಮಸ್ಕತ್ತಿನ ಹಿರಿಯರ ಉತ್ತರ ಬಂತು. ಇದೇನು ಚಿತ್ರ ಎಂದು ಮಗಳು ಕೇಳಿದಳು, ಇದು ನನ್ನ ಅಕ್ಷರ ಎಂದೆ ಎಂದಷ್ಟೇ ಬರೆದಿದ್ದರು. ಇಂಗ್ಲಿಷಿನ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಪುಣೆಯ ಅವ್ವ ಗಣೇಶ ಚೌತಿಗೆ ಬಂದರು. ಕರೆದೊಯ್ಯಲು ಅಣ್ಣನೇ ಬೆಳಗಾವಿಗೆ ಬಂದಿದ್ದರು. ಇಬ್ಬರೂ ನೆಟ್ಟಗೆ ಕೆಫೆಗೆ ಬಂದು, ಬುತ್ತಿ ಕಟ್ಟುವವಳು ಯಾರು ಎಂದು ಕೇಳಿದರು. ತಂಗಿಯ ಪಾಲಿನ ಪಂಚಮಿಯ ಉಂಡಿಗಳನ್ನು ಆ ಅಜ್ಜ ಡಬ್ಬಿಯಲ್ಲಿ ಕಾಪಾಡಿಟ್ಟಿದ್ದರಂತೆ. ಕಲ್ಲಾಗಿದ್ದವು. ನನ್ನ ಕೈಗೂ ಒಂದು ಬಂತು. ಆ ದಿನದ ಬುತ್ತಿಯನ್ನು ಕಾಗದದ ಮೇಲೆ ತೆಗೆದುಕೊಟ್ಟೆ. ಆಕೆ ಅದನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು.

ಸಂಜೆಯ ಗಾಡಿಯಲ್ಲಿ ಮೂವರೂ ಒಟ್ಟಿಗೆ ಹೊರಟೆವು. ಗಾಡಿ ಬೆಳಗಾವಿ ಬಿಟ್ಟದ್ದೇ ಆಕೆ ಕನ್ನಡಕ ಏರಿಸಿ, ಕಾಗದ ಬಿಚ್ಚಿ, ಶಾಲೆಯ ಪಾಠದ ಹಾಗೆ ಗಟ್ಟಿಯಾಗಿ ಅಣ್ಣನಿಗೆ ಓದತೊಡಗಿದರು. ಯಾವುದೋ ದೇಶದ ಜ್ವಾಲಾಮುಖಿ, ಬಿದಿರಿನ ಕೊಳಲು ಮಾಡುವವರ ಪುಟ, ಕಣಕುಂಬಿಯ ಮಳೆ. ಆಚೀಚೆ ಕೂತವರು ಮಾತು ನಿಲ್ಲಿಸಿ ಕೇಳಿದರು. ದೇಸೂರು ದಾಟುವಾಗ ಕಾಯಿಪಲ್ಲೆಯ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು, ಇದನ್ನೆಲ್ಲ ಬರೆದವರು ಯಾರು ಎಂದು ಕೇಳಿದಳು.

ಪುಣೆಯ ಅವ್ವ ಕಾಗದದಿಂದ ತಲೆಯೆತ್ತಿ ನನ್ನ ಹೆಗಲ ಮೇಲೆ ಕೈಯಿಟ್ಟರು.

“ಇಕೀನ,” ಎಂದರು. “ನಮ್ಮೂರಾಕಿ.”