ಪೈಪಿಗೆ ಕೊರೆದ ತೂತು

ಹೂಡಿಯ ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಿದ್ದ ಪ್ಲಂಬರ್ ಕೂತದ್ದನ್ನು ನಾನು ನೋಡಿಯೇ ಇಲ್ಲ. ಟೀ ಕೊಟ್ಟರೆ ಅಡ್ಡಾಡುತ್ತಲೇ ಕುಡಿಯುತ್ತಿದ್ದ. ಸರಿಯಾಗಿದ್ದ ನಲ್ಲಿಗಳನ್ನೂ ಒಮ್ಮೆ ತಿರುಗಿಸಿ ನೋಡುತ್ತಿದ್ದ. "ನೀರನ್ನ ನಂಬಬಾರ್ದು ಅಕ್ಕ" ಎನ್ನುವುದು ಅವನ ಮಾತು.

ಬೆನ್ನಿನ ಆಪರೇಷನ್ ಆದ ಮೇಲೆ ನಾನು ಬಕೆಟ್ ಎತ್ತುವಂತಿರಲಿಲ್ಲ. ಅಕ್ವೇರಿಯಂನ ನೀರು ಬದಲಿಸಲಾಗದೆ, ಮಗಳ ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡುವ ಯೋಚನೆಯಲ್ಲಿದ್ದೆ. ವಿಷಯ ತಿಳಿದ ಅವನು ತೊಟ್ಟಿಯ ಅಂಚಿನ ಮೇಲಿಂದ ಬಚ್ಚಲಿಗೆ ಪೈಪು ಎಳೆದು ವಾಲ್ವ್ ಕೂರಿಸಿದ. ತಿರುಗಿಸಿದರೆ ಹಳೆಯ ನೀರು ತಾನಾಗಿ ಹರಿದುಹೋಗುತ್ತಿತ್ತು.

ಅಂದು ಕೆಲಸ ಮುಗಿಸಿ ಹೊರಟವನು ಕುಂದಲಹಳ್ಳಿಯವರೆಗೆ ಹೋಗಿ, ಆ ಟ್ರಾಫಿಕ್ಕಿನಲ್ಲೇ ವಾಪಸು ಬಂದ.

"ಪೈಪಿನ ಬಾಯಿ ತಳದಲ್ಲಿದೆ ಅಕ್ಕ. ನೀವು ವಾಲ್ವ್ ಮುಚ್ಚೋದು ಮರೆತ್ರೆ ನೀರೆಲ್ಲಾ ಹೋಗ್ಬಿಡುತ್ತೆ."

"ನಾನ್ಯಾಕಪ್ಪಾ ಮರೀಲಿ?"

"ಮರೀತೀರ" ಎಂದವನೇ ತೊಟ್ಟಿಯೊಳಗೆ ಅರ್ಧ ಎತ್ತರದಲ್ಲಿ ಪೈಪಿಗೊಂದು ತೂತು ಕೊರೆದ. ನೀರು ಅಲ್ಲಿಗಿಳಿದರೆ ಗಾಳಿ ನುಗ್ಗಿ ಹರಿವು ನಿಲ್ಲುತ್ತದಂತೆ.

ಎರಡು ತಿಂಗಳ ನಂತರ ಒಂದು ದಿನ ವಾಲ್ವ್ ತೆರೆದಿದ್ದೆ, ಅಷ್ಟರಲ್ಲಿ ಮಗಳ ಶಾಲೆಯಿಂದ ಫೋನು ಬಂತು. ಅವಳು ಬಿದ್ದು ಕೈ ಮುರಿದುಕೊಂಡಿದ್ದಳು. ಇದ್ದ ಹಾಗೆಯೇ ಓಡಿದೆ. ಸಂಜೆ ಕೈಗೆ ಪ್ಲಾಸ್ಟರ್ ಹಾಕಿಸಿ ಕರೆತರುವಾಗ, ಲಿಫ್ಟಿನಲ್ಲಿ ವಾಲ್ವ್ ನೆನಪಾಯಿತು. ಬಾಗಿಲು ತೆಗೆದರೆ, ಅರ್ಧ ತೊಟ್ಟಿ ನೀರಿನಲ್ಲಿ ಮೀನುಗಳೆಲ್ಲ ಓಡಾಡಿಕೊಂಡಿದ್ದವು.

ನಿಂತ ಕಾಲಲ್ಲೇ ಅವನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

"ಅದಿರ್ಲಿ ಅಕ್ಕ, ಈಗ ವಾಲ್ವ್ ಮುಚ್ಚಿದ್ರಾ?" ಎಂದ.

ಮುಚ್ಚಿರಲಿಲ್ಲ.