ಹೆಸರು ಬದಲಿಸಿದ್ದೆ

ನಾನು ಬರೆದ ಮೊದಲ ನುಡಿಚಿತ್ರಕ್ಕೆ ಕಾಲೇಜಿನಲ್ಲಿ ಬಹುಮಾನ ಬಂತು. ಅದರಲ್ಲಿದ್ದ ಹೆಂಗಸಿನ ಕೆಲಸ ಹೋಯಿತು. ಯಾವುದು ಮೊದಲು ಎಂದು ಕೇಳಿದರೆ ನೆನಪು ಬಹುಮಾನವನ್ನೇ ಮೊದಲು ನಿಲ್ಲಿಸುತ್ತದೆ. ಹಾಗಿದ್ದರೆ ಏನೂ ತಿಳಿಯದೆ ಹೋಗಿ ಇಸಿದುಕೊಂಡೆ ಎನ್ನಬಹುದಲ್ಲ. ನಂಬಬೇಡಿ.

ಲಿಂಗಂಪಲ್ಲಿಯಲ್ಲಿ ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ಅವಳಿದ್ದಳು, ಯಾದಗಿರಿ ಕಡೆಯವಳು. ಸುತ್ತ ತೆಲುಗೇ ಇದ್ದ ಆ ಊರಲ್ಲಿ ಕನ್ನಡ ಆಡಲಿಕ್ಕೆಂದೇ ಸಂಜೆ ಅವ್ವನ ಬಳಿ ಬಂದು ಕೂರುತ್ತಿದ್ದಳು. ನಾನು ಚಿಗವ್ವ ಎನ್ನುತ್ತಿದ್ದೆ. ಕೊಂಡಾಪುರದಲ್ಲಿ ಸಾಫ್ಟ್‌ವೇರ್‌ನವರಿಗೆಂದು ಎದ್ದಿದ್ದ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ನೆಲ ಒರೆಸುವ ಕೆಲಸ. ಕೆಲಸದವರು ಲಿಫ್ಟ್ ಹತ್ತುವಂತಿರಲಿಲ್ಲ. ನಾಯಿಗಳು ಹತ್ತಬಹುದಿತ್ತು. ಕೆಲಸದವರಿಗೆ ಶೌಚಾಲಯವೂ ಇರಲಿಲ್ಲ, ಅದಕ್ಕೇ ಅವಳು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಒಂಬತ್ತನೆಯ ಮಹಡಿಗೆ ಒಂದು ಸಲ ಹತ್ತಿದರೆ ಸೆರಗಿನ ತುದಿಗೆ ಒಂದು ಗಂಟು ಹಾಕುತ್ತಿದ್ದಳು. ಸಂಜೆ ಅವ್ವನ ಮುಂದೆ ಕೂತು ಒಂದೊಂದಾಗಿ ಬಿಚ್ಚುತ್ತಿದ್ದಳು.

"ನೋಡ್ರಿ ಅಕ್ಕಾರ, ಇವತ್ತ ಆರು ಸಲ ಸ್ವರ್ಗಕ್ಕ ಹೋಗಿ ಬಂದೀನಿ. ದೇವ್ರು ಬಾಗ್ಲಾ ತಗೀಲಿಲ್ಲ."

"ಚಿಗವ್ವ, ಇದನ್ನ ನಮ್ಮ ಕಾಲೇಜಿನ ಪೇಪರ್‌ನ್ಯಾಗ ಬರೀಲೇನು?" ಎಂದೆ.

"ಬರಿ. ನನ್ನ ಹೆಸರಷ್ಟ ಹಾಕಬ್ಯಾಡ ಯವ್ವಾ. ಈ ಕೆಲಸಾನೂ ಹೋದ್ರ ನಾ ಎಲ್ಲಿ ಹೋಗ್ಲಿ?"

ಹೆಸರು ಬದಲಿಸಿದೆ. ನಮ್ಮ ಪತ್ರಿಕೋದ್ಯಮದ ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: ಮುಖ ಕಾಣುತ್ತಿಲ್ಲ. ನಾನು ಗಂಟುಗಳನ್ನು ತಂದು ಮೊದಲ ವಾಕ್ಯಕ್ಕೆ ಹಾಕಿದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಹೆಸರು ಬದಲಿಸಲಾಗಿದೆ' ಎಂದು ಹಾಕಿದೆವು. ನಮಗೆ ಕಲಿಸಿದ್ದ ನೀತಿ ಅಷ್ಟೇ. ಆ ಒಂದು ಸಾಲು ಹಾಕಿ ನಾವೆಲ್ಲ ಊರಿನ ಬಡವರ ಬಸ್ತಿ ಬಸ್ತಿಗೆ ನುಗ್ಗಿ ಮಂದಿಯ ಬದುಕು ಬಗೆದು ತರುತ್ತಿದ್ದೆವು.

ಆ ಕಟ್ಟಡದಲ್ಲಿ ಅವಳ ಹೆಸರು ಯಾರಿಗೆ ಗೊತ್ತಿತ್ತು? ಎಲ್ಲರಿಗೂ ಅವಳು 'ಏ ಅಮ್ಮಾ'. ಯಾರಿಗೂ ಗೊತ್ತಿಲ್ಲದ್ದನ್ನು ಮುಚ್ಚಿಟ್ಟು, ಎಲ್ಲರೂ ದಿನಾ ನೋಡುವುದನ್ನು ಮೊದಲ ಸಾಲಿನಲ್ಲಿ ಮೆರೆಸಿದ್ದೆ.

ಸಹಪಾಠಿಯೊಬ್ಬಳ ಮನೆ ಅದೇ ಕಟ್ಟಡದಲ್ಲಿತ್ತು. ಪತ್ರಿಕೆ ಅಲ್ಲಿಗೆ ಹೋಯಿತು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಕೆಲಸದ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ. ಕನ್ನಡಕ ಮೂಗಿಗಿಳಿಸಿ, ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ ನಕ್ಕ. ಇಲ್ಲ, ಆ ಕನ್ನಡಕ ನಾನು ಹಾಕಿದ್ದು. ನಗೆಯೂ ನನ್ನದೇ. ನಾನು ಅಲ್ಲಿರಲೇ ಇಲ್ಲ. ಕೇಡಿಗನೊಬ್ಬ ಸರಿಯಾಗಿ ಸಿಕ್ಕರೆ ನನ್ನ ಪಾಲು ಹಗುರಾಗುತ್ತದೆ ಎಂದು ಅವನನ್ನು ತಿದ್ದಿ ತೀಡಿದ್ದೇನೆ. ಚಿಗವ್ವ ಹೇಳಿದ್ದು ಇಷ್ಟೇ: "ಸೆರಗ ತೋರ್ಸು ಅಂದ್ರು. ತೋರ್ಸಿದೆ. ನಾಳೆ ಬರಬ್ಯಾಡ ಅಂದ್ರು."

ಅದನ್ನು ಹೇಳಿ, "ಏನ್ ಬರ್ದೀಯೋ ಓದು, ಕೇಳೋಣು" ಎಂದು ಕೂತಳು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡುತ್ತ ಓದಿದೆ. ಮೊದಲ ವಾಕ್ಯ ಹಾರಿಸಿದೆ.

"ಗಂಟಿಂದು ಎಲ್ಲೈತಿ?"

ಅವ್ವ ನನ್ನ ಮುಖ ನೋಡಿದಳು. ಓದಿದೆ.

"ಖರೇ ಬರ್ದೀ," ಎಂದಳು ಚಿಗವ್ವ. "ಅದಕ್ಕ ಸಿಕ್ಕೊಂಡೆ."

ಆಮೇಲೆ ಅವಳು ನಾಚಾರಂನ ಒಂದು ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ರೈಲು, ಬಸ್ಸು, ಆಮೇಲೆ ನಡಿಗೆ. ಸಂಜೆ ಅವ್ವನ ಬಳಿ ಬರಲು ಹೊತ್ತು ಉಳಿಯಲಿಲ್ಲ.

ಮರುವರ್ಷ ಮೇಷ್ಟ್ರು ಹೊಸ ವಿದ್ಯಾರ್ಥಿಗಳಿಗೆ ಮಾದರಿಯೆಂದು ನನ್ನ ಬರಹವನ್ನೇ ಹಂಚಿದರು. ಜೆರಾಕ್ಸ್ ಮಾಡಿಸಿ ತಂದವಳು ನಾನೇ. ಈ ನೆನಪನ್ನು ಮಾತ್ರ ತಿದ್ದಲು ಎಷ್ಟು ಸಲ ಕೂತರೂ ಆಗಿಲ್ಲ.